ಗೋಡೆಗೆ ಒರಗಿಸಿಟ್ಟ ಗಾರ್ಡ್

ತುಮಕೂರು ಬಳಿಯ ವಸಂತನರಸಾಪುರದ ಒಂದು ಆಹಾರ ಸಂಸ್ಕರಣಾ ಘಟಕದಲ್ಲಿ ಮ್ಯಾನೇಜರ್‌ಗಳಿಗೆ ಅಪಾಯ ಗುರುತಿಸುವ ತರಬೇತಿ ಕೊಡುತ್ತಿದ್ದೆ. ಪ್ಯಾಕಿಂಗ್ ವಿಭಾಗದ ಮ್ಯಾನೇಜರ್ ತಮ್ಮ ಹಾಳೆಯಲ್ಲಿ ಕನ್ವೇಯರ್ (ಸರಕು ಸಾಗಿಸುವ ಬೆಲ್ಟ್ ಯಂತ್ರ) ಎದುರು ಹೀಗೆ ಬರೆದಿದ್ದರು: ‘ಅಪಾಯ: ಕೈ ಸಿಕ್ಕಿಕೊಳ್ಳಬಹುದು. ಕ್ರಮ: ಗಾರ್ಡ್ ಇದೆ, ಕಾರ್ಮಿಕರು ಎಚ್ಚರಿಕೆಯಿಂದ ಇರಬೇಕು.’ ಗಾರ್ಡ್ ಎಂದರೆ ಓಡುವ ಭಾಗಕ್ಕೆ ಕೈ ತಾಗದಂತೆ ಯಂತ್ರಕ್ಕೆ ಹಾಕುವ ತಡೆ. ಅಪಾಯ ಹತೋಟಿಯಲ್ಲಿದೆ ಎಂದು ಪಕ್ಕದ ಅಂಕಣಕ್ಕೆ ಹಸಿರು ಬಣ್ಣ ಬಳಿದಿತ್ತು. ಚಹಾ ಮುಗಿದ ಮೇಲೆ ಯಾರನ್ನೂ ಮತ್ತೆ ಕುರ್ಚಿಗೆ ಕೂರಲು ಬಿಡದೆ ಎಲ್ಲರನ್ನೂ ಆ ಕನ್ವೇಯರ್ ಹತ್ತಿರ ಕರೆದೊಯ್ದೆ.

ಗಾರ್ಡ್ ಇತ್ತು, ಆದರೆ ಗೋಡೆಗೆ ಒರಗಿತ್ತು. ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಹಿಟ್ಟಿನ ದೂಳು ಅದರ ಮೇಲೆ ಕೂತಿತ್ತು. ಮ್ಯಾನೇಜರ್ ಮುಖ ಕೆಂಪಾಯಿತು. ‘ಯಾಕಪ್ಪಾ ಬಿಚ್ಚಿಟ್ಟೆ?’ ಎಂದು ಆಪರೇಟರನ್ನು ಗದರಲು ಹೊರಟರು. ನಾನು ತಡೆದೆ. ಗಾರ್ಡ್ ಹಾಕಿಕೊಂಡು ಒಮ್ಮೆ ಕೆಲಸ ಮಾಡಿ ತೋರಿಸುವಂತೆ ಆ ಹುಡುಗನನ್ನು ಕೇಳಿಕೊಂಡೆ. ಅವನು ಮಾತಿಲ್ಲದೆ ನಾಲ್ಕು ಬೋಲ್ಟ್ ಬಿಗಿದು ಯಂತ್ರ ಚಾಲೂ ಮಾಡಿದ. ಅರ್ಧ ಗಂಟೆಯೊಳಗೆ ಬೆಲ್ಟ್ ಒಂದು ಬದಿಗೆ ವಾಲಿತು. ಅದನ್ನು ಸರಿಪಡಿಸುವ ನಟ್ ಇದ್ದದ್ದು ಗಾರ್ಡಿನ ಒಳಗೆ. ಪ್ರತಿ ಸಲವೂ ನಾಲ್ಕು ಬೋಲ್ಟ್ ಬಿಚ್ಚಬೇಕು, ನಟ್ ತಿರುಗಿಸಬೇಕು, ಮತ್ತೆ ನಾಲ್ಕು ಬೋಲ್ಟ್ ಬಿಗಿಯಬೇಕು. ‘ಲೈನ್ ನಿಂತರೆ ನೀವೇ ಬಯ್ಯುತ್ತೀರಿ ಸಾರ್’ ಎಂದ.

ಅಲ್ಲೇ ನಿಂತು ಲೆಕ್ಕ ಹಾಕಿದೆವು. ಬೆಲ್ಟ್ ಸೆಕೆಂಡಿಗೆ ಒಂದು ಮೀಟರ್ ಓಡುತ್ತದೆ ಎಂದುಕೊಳ್ಳಿ. ಬೆರಳು ಸಿಕ್ಕಿತು ಎಂದು ಅರಿವಾಗಿ ಕೈ ಹಿಂದಕ್ಕೆಳೆಯಲು ಎಷ್ಟೇ ಚುರುಕಾದವರಿಗೂ ಸುಮಾರು ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಬೆಲ್ಟ್ 25 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಮಣಿಕಟ್ಟಿನಿಂದ ಮೊಣಕೈವರೆಗಿನ ಉದ್ದ ಹೆಚ್ಚುಕಡಿಮೆ ಅಷ್ಟೇ. ಇಂಥ ಕಡೆ ‘ಎಚ್ಚರಿಕೆಯಿಂದ ಇರಬೇಕು’ ಎಂಬ ಮಾತು ಯಾರ ಕೈಯನ್ನೂ ಉಳಿಸುವುದಿಲ್ಲ. ಪರಿಹಾರ ಸುಲಭವಿತ್ತು. ನಟ್ ತಿರುಗಿಸುವ ಸರಳನ್ನು ಉದ್ದ ಮಾಡಿ ಗಾರ್ಡಿನ ಹೊರಗೆ ತರಬೇಕಿತ್ತು, ಅಷ್ಟೇ. ವೆಲ್ಡರ್‌ಗೆ ಅರ್ಧ ದಿನದ ಕೆಲಸ.

ನಾನು ನೋಡುವ ಹಾಳೆಗಳಲ್ಲಿ ಹೆಚ್ಚಿನವು ಕ್ರಮದ ಅಂಕಣದಲ್ಲೇ ಸೋಲುತ್ತವೆ. ಅಪಾಯವನ್ನು ಮೂಲದಲ್ಲೇ ತೆಗೆಯಲಾದೀತೇ ಎಂದು ಮೊದಲು ಕೇಳಬೇಕು. ಆಗದಿದ್ದರೆ ಕಡಿಮೆ ಅಪಾಯದ ವಸ್ತು ಅಥವಾ ವಿಧಾನ ಹುಡುಕಬೇಕು, ಆಮೇಲೆ ಯಂತ್ರಕ್ಕೆ ತಡೆ ಹಾಕಬೇಕು. ನಿಯಮ, ತರಬೇತಿ, ಫಲಕಗಳ ಸರದಿ ಇವೆಲ್ಲ ಆದ ಮೇಲೆ. ಗವಸು, ಮಾಸ್ಕ್, ಹೆಲ್ಮೆಟ್ ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಪಟ್ಟಿ ತಲೆಕೆಳಗಾಗಿದೆ. ಮೊದಲು ಗವಸು ಕೊಡಿಸುತ್ತಾರೆ. ತಿರುಗುವ ಯಂತ್ರದ ಬಳಿ ಸಡಿಲ ಗವಸೇ ಕೈಯನ್ನು ಒಳಗೆ ಎಳೆಯುತ್ತದೆ ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಆ ಗಾರ್ಡಿನ ಮೇಲಿನ ದೂಳನ್ನು ಹಾಳೆಯಲ್ಲಿ ಯಾರೂ ಬರೆದೇ ಇರಲಿಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಹಿಟ್ಟಿನ ದೂಳು ಆಸ್ತಮಾ ತರಬಲ್ಲದು, ಗಾಳಿಯಲ್ಲಿ ದಟ್ಟವಾಗಿ ಹರಡಿದಾಗ ಕಿಡಿ ತಾಗಿದರೆ ಸ್ಫೋಟಿಸಲೂಬಲ್ಲದು. ಕಂಪ್ರೆಸರ್ ಗಾಳಿ ಬಿಟ್ಟು ಅದನ್ನು ಹಾರಿಸುವುದಂತೂ ಎರಡು ಅಪಾಯಗಳನ್ನೂ ಹೆಚ್ಚಿಸುತ್ತದೆ. ರಕ್ತ ಬರುವ ಅಪಾಯ ಎಲ್ಲರ ಕಣ್ಣಿಗೂ ಬೀಳುತ್ತದೆ, ಶ್ವಾಸಕೋಶದೊಳಗೆ ಸದ್ದಿಲ್ಲದೆ ಬೆಳೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರನ್ನು ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಹೀಗೆಯೇ ಕಾಡಿತು.

ಆಮೇಲೆ ತ್ಯಾಜ್ಯ ನೀರಿನ ತೊಟ್ಟಿಯ ಮಾತಿಗೆ ಬಂದೆ. ಇದನ್ನು ನಾನು ಯಾವ ತರಬೇತಿಯಲ್ಲೂ ಬಿಡುವುದಿಲ್ಲ. ದಿನನಿತ್ಯದ ಕೆಲಸಗಳನ್ನು ಪಟ್ಟಿ ಮಾಡುವವರು ಆರು ತಿಂಗಳಿಗೊಮ್ಮೆ ತೊಟ್ಟಿ ತೊಳೆಯುವುದನ್ನು ಮರೆಯುತ್ತಾರೆ, ಜನ ಸಾಯುವುದು ಅಲ್ಲೇ. ಕೊಳೆತ ಕೆಸರಿನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕಡಿಮೆ ಪ್ರಮಾಣದಲ್ಲಿ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಸತ್ತುಹೋಗಿ ವಾಸನೆ ನಿಂತಂತೆ ಅನಿಸುತ್ತದೆ. ವಾಸನೆ ಹೋಯಿತು, ಇಳಿಯಬಹುದು ಎಂದು ಹೇಳುವವರನ್ನು ನಾನು ಕಂಡಿದ್ದೇನೆ. ಒಬ್ಬ ಕುಸಿದರೆ ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಹೊರಗಿನ ಗಾಳಿಯಲ್ಲಿ ಸುಮಾರು 20.9 ಶೇಕಡಾ ಆಮ್ಲಜನಕವಿರುತ್ತದೆ. ಅದು 19.5ಕ್ಕಿಂತ ಕೆಳಗಿಳಿದ ಜಾಗಕ್ಕೆ ಯಾರನ್ನೂ ಇಳಿಸಬಾರದು. ಆಮ್ಲಜನಕ ಸರಿಯಿದ್ದರೂ ವಿಷಾನಿಲ ಇರಬಹುದು, ಆದ್ದರಿಂದ ಎರಡನ್ನೂ ಅಳೆಯಬೇಕು. ಅಳೆಯಲು ಮೀಟರ್ ಬೇಕು, ಮೂಗು ಸಾಲದು. ಎಷ್ಟೋ ಸಲ ಒಳ್ಳೆಯ ಉತ್ತರವೆಂದರೆ ಯಾರೂ ಇಳಿಯದಂತೆ ಮೇಲಿನಿಂದಲೇ ಪಂಪ್ ಮತ್ತು ನೀರಿನ ಜೆಟ್ ಬಳಸಿ ತೊಳೆಯುವುದು.

‘ನಮ್ಮಲ್ಲಿ ಇಷ್ಟು ವರ್ಷ ಏನೂ ಆಗಿಲ್ಲ’ ಎಂಬ ಮಾತು ಪ್ರತಿ ತರಬೇತಿಯಲ್ಲೂ ಬರುತ್ತದೆ. ಅವಘಡ ಆಗುವ ಸಂಭವ ಎಷ್ಟು ಎಂದು ಹಾಳೆಯಲ್ಲಿ ಅಂಕ ಕೊಡುವಾಗ (ಸಂಭವ ಹೆಚ್ಚಿದ್ದಷ್ಟೂ ಅಂಕ ಹೆಚ್ಚು) ಇದೇ ಮಾತು ನಾಲ್ಕನ್ನು ಒಂದಕ್ಕೆ ಇಳಿಸುತ್ತದೆ. ಆ ಗಾರ್ಡ್ ಎಷ್ಟು ತಿಂಗಳಿನಿಂದ ಗೋಡೆಗೆ ಒರಗಿತ್ತೋ ಅಷ್ಟು ತಿಂಗಳೂ ಅಲ್ಲಿ ಏನೂ ಆಗಿರಲಿಲ್ಲ. ಅಂಕ ಕೊಡುವ ಮೊದಲು, ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನು ರಾತ್ರಿ ಪಾಳಿಯವರ ಬಾಯಿಂದಲೇ ಕೇಳಿ ಎನ್ನುತ್ತೇನೆ. ಹೇಳಿದವನಿಗೆ ಬೈಗುಳ ಸಿಕ್ಕರೆ ಎರಡನೆಯ ಸಲ ಅವನು ಬಾಯಿ ಬಿಡುವುದಿಲ್ಲ.

ಕಾನೂನು ಈ ಹೊಣೆಯನ್ನು ಕಾರ್ಮಿಕನ ಎಚ್ಚರಿಕೆಯ ಮೇಲೆ ಬಿಟ್ಟಿಲ್ಲ. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ 7ಎ ಕಲಂ ಸೇರಿಸಿ ಕೆಲಸಗಾರರ ಆರೋಗ್ಯ ಮತ್ತು ಸುರಕ್ಷತೆಯ ಹೊಣೆಯನ್ನು ಕಾರ್ಖಾನೆ ನಡೆಸುವವರ ಹೆಗಲಿಗೆ ಸ್ಪಷ್ಟವಾಗಿ ಹಾಕಲಾಯಿತು. ಸುರಕ್ಷತೆ, ಆರೋಗ್ಯ ಕುರಿತ 2020ರ ಸಂಹಿತೆಯಲ್ಲೂ ಉದ್ಯೋಗದಾತರ ಹೊಣೆ ಹಾಗೆಯೇ ಉಳಿದಿದೆ.

ಸಂಜೆ ಆ ಮ್ಯಾನೇಜರ್ ಹಾಳೆಯನ್ನು ಮತ್ತೆ ಬರೆದರು, ಈ ಸಲ ಕನ್ನಡದಲ್ಲಿ. ಮೊದಲಿನದು ಇಂಗ್ಲಿಷಿನಲ್ಲಿತ್ತು, ಆಪರೇಟರ್ ಅದನ್ನು ಓದಿಯೇ ಇರಲಿಲ್ಲ. ಅಲ್ಲಿ ಒಡಿಶಾ, ಬಿಹಾರದಿಂದ ಬಂದವರೂ ಇರುವುದರಿಂದ ಹಿಂದಿಯ ಪ್ರತಿಯೂ ಆಗಬೇಕೆಂದು ಅವರೇ ಸೇರಿಸಿದರು. ಹಸಿರು ಬಣ್ಣ ಅಳಿಸಿ ಕೆಂಪು ಹಾಕಿದರು. ಸರಳು ಬದಲಾಗುವವರೆಗೆ ಬೆಲ್ಟ್ ಸರಿಪಡಿಸುವಾಗಲೆಲ್ಲ ಯಂತ್ರ ನಿಲ್ಲಿಸಿ ಸ್ವಿಚ್ಚಿಗೆ ಬೀಗ ಹಾಕುವುದು, ಅದರಿಂದ ಕುಸಿಯುವ ಉತ್ಪಾದನೆಯ ಲೆಕ್ಕವನ್ನು ತಮ್ಮ ಹೆಸರಿನಲ್ಲಿ ಬರೆದುಕೊಳ್ಳುವುದು ಎಂದು ಕ್ರಮದ ಅಂಕಣದಲ್ಲಿ ಬರೆದು, ಸಹಿ ಮಾಡುವ ಮೊದಲು ಆ ಹುಡುಗನಿಗೆ ಓದಿ ಹೇಳಿದರು.