ಅಗ್ಗದ ಮದ್ಯಕ್ಕೆ ಕಡಿವಾಣ: ಸ್ಕಾಟ್‌ಲೆಂಡಿನ ಕನಿಷ್ಠ ಘಟಕ ಬೆಲೆ

ಮದ್ಯದ ಹಾನಿಯನ್ನು ತಗ್ಗಿಸುವ ಸರ್ಕಾರಿ ಕ್ರಮಗಳೆಂದರೆ ನಮಗೆ ಥಟ್ಟನೆ ನೆನಪಾಗುವುದು ಪಾನನಿಷೇಧ ಮತ್ತು ಅಬಕಾರಿ ಸುಂಕ. ಇವೆರಡೂ ಅಲ್ಲದ ಮೂರನೆಯ ದಾರಿಯೊಂದನ್ನು ಸ್ಕಾಟ್‌ಲೆಂಡ್ 2018ರ ಮೇ 1ರಿಂದ ಅನುಸರಿಸುತ್ತಿದೆ. ಬಾಟಲಿಯಲ್ಲಿ ಎಷ್ಟು ಶುದ್ಧ ಆಲ್ಕೋಹಾಲ್ ಇದೆಯೋ ಅದನ್ನು ಲೆಕ್ಕ ಹಾಕಿ, ಇಷ್ಟಕ್ಕಿಂತ ಕಡಿಮೆಗೆ ಯಾರೂ ಮಾರುವಂತಿಲ್ಲ ಎಂದು ಅಲ್ಲಿ ಕಾನೂನು ಮಾಡಲಾಗಿದೆ.

ಒಂದು ಘಟಕವೆಂದರೆ 10 ಮಿ.ಲೀ. ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಕ್ವಾರ್ಟರ್ ಎನ್ನುವ 180 ಮಿ.ಲೀ. ವಿಸ್ಕಿ ಬಾಟಲಿಯ ಮೇಲೆ ಸಾಮಾನ್ಯವಾಗಿ ಶೇ 42.8 ಎಂದು ಮುದ್ರಿಸಿರುತ್ತದೆ. ಅದರಲ್ಲಿರುವುದು ಸುಮಾರು 7.7 ಘಟಕ. ಈ ಲೆಕ್ಕ ಕೈಗೆ ಹತ್ತಿದರೆ ನೀತಿಯ ತಿರುಳು ಸಿಕ್ಕಂತೆಯೇ. ಮೊದಲು ಘಟಕಕ್ಕೆ 50 ಪೆನ್ಸ್ (ನೂರು ಪೆನ್ಸ್‌ಗೆ ಒಂದು ಪೌಂಡ್) ನಿಗದಿಯಾಗಿತ್ತು. ಶೇ 7.5ರ ಸೈಡರ್ (ಸೇಬಿನ ಮದ್ಯ) ಮೂರು ಲೀಟರಿನಲ್ಲಿ 22.5 ಘಟಕಗಳಿರುವುದರಿಂದ, ಆ ಬಾಟಲಿಗೆ ಕನಿಷ್ಠ 11 ಪೌಂಡ್ 25 ಪೆನ್ಸ್ ಆಯಿತು; ಮೊದಲು ಅದು ಈ ಬೆಲೆಯ ಅರ್ಧಕ್ಕೂ ಕಡಿಮೆ ಹಣಕ್ಕೆ ಸಿಗುತ್ತಿತ್ತು. ಪಬ್‌ನ ಬಿಯರ್ ಬೆಲೆ ಮೊದಲೇ ಈ ಮಿತಿಗಿಂತ ಮೇಲಿದ್ದುದರಿಂದ ಅಲ್ಲಿ ಕುಡಿಯುವವರಿಗೆ ವ್ಯತ್ಯಾಸವಾಗಲಿಲ್ಲ. ಅಗ್ಗದ, ತೀಕ್ಷ್ಣವಾದ ಮದ್ಯವನ್ನೇ ಹೆಚ್ಚಾಗಿ ಕೊಂಡು ಅತಿಯಾಗಿ ಕುಡಿಯುವವರನ್ನು ತಲುಪುವುದೇ ಇದರ ಗುರಿ.

ಕಾಯಿದೆ ಅಂಗೀಕಾರವಾದದ್ದು 2012ರಲ್ಲಿ. ಸ್ಕಾಚ್ ವಿಸ್ಕಿ ತಯಾರಕರ ಸಂಘ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ, 2017ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯುವವರೆಗೆ ಜಾರಿಯಾಗಲಿಲ್ಲ.

ಫಲಿತಾಂಶವನ್ನು ಓದುವಾಗ ಎಚ್ಚರ ಬೇಕು. ಕೇವಲ ಮದ್ಯದಿಂದಲೇ ಉಂಟಾಗುವ ಸಾವುಗಳು ಶೇ 13.4ರಷ್ಟು ತಗ್ಗಿವೆ ಎಂದು 2023ರ ಮೌಲ್ಯಮಾಪನ ಅಂದಾಜಿಸಿತು. ಅದರರ್ಥ, ಈ ನೀತಿ ಇಲ್ಲದಿದ್ದರೆ ಆಗುತ್ತಿದ್ದ ಸಾವುಗಳಿಗಿಂತ ಅಷ್ಟು ಕಡಿಮೆ ಎಂದೇ ಹೊರತು ಒಟ್ಟು ಸಂಖ್ಯೆ ಇಳಿಯಿತು ಎಂದಲ್ಲ. ಕೋವಿಡ್ ಕಾಲದಲ್ಲಿ ಸಾವುಗಳು ಏರಿ, 2023ರಲ್ಲಿ 1,277ಕ್ಕೆ ಮುಟ್ಟಿದ್ದವು. ಬಹಳ ಮಂದಿ ಎಡವುವುದು ಇಲ್ಲಿಯೇ. ಹೀಗೆ ಬದುಕುಳಿದ ಜೀವಗಳಲ್ಲಿ ಹೆಚ್ಚಿನವು ಬಡ ಬಡಾವಣೆಗಳವು ಎಂಬುದನ್ನು ನಾನು ಈ ನೀತಿಯ ಅತಿ ದೊಡ್ಡ ಸಮರ್ಥನೆಯೆಂದು ಎಣಿಸುತ್ತೇನೆ.

ಆದರೆ ಮದ್ಯವ್ಯಸನಕ್ಕೆ ಸಿಲುಕಿದವರ ಕುಡಿತ ಬೆಲೆಯೇರಿಕೆಯಿಂದ ತಗ್ಗಿದ್ದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. ಅವರಲ್ಲಿ ಕೆಲವರು ಊಟದ ಖರ್ಚನ್ನು ಕಡಿತಗೊಳಿಸಿ ಮದ್ಯ ಕೊಂಡರು. ಅವರಿಗೆ ಬೇಕಾದದ್ದು ಚಿಕಿತ್ಸೆ. 2024ರ ಸೆಪ್ಟೆಂಬರ್ 30ರಿಂದ ದರ 65 ಪೆನ್ಸ್‌ಗೆ ಏರಿದೆಯಾದರೂ, ಇದು ತೆರಿಗೆಯಲ್ಲವಾದ್ದರಿಂದ ಏರಿಕೆಯ ಹಣ ಚಿಕಿತ್ಸಾ ಕೇಂದ್ರಗಳಿಗೆ ಹೋಗದೆ ಮಾರಾಟಗಾರರ ಗಲ್ಲಾಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ.