ಕರಾರು ಮುರಿದವರಿಗೆ ನೋಟಿಸ್: ರದ್ದು ಮಾಡುವ ಮೊದಲಿನ ಹೆಜ್ಜೆ

ಕರಾರು ಕಾನೂನಿನ ಪಾಠದಲ್ಲಿ ನನಗೆ ಬಹಳ ದಿನ ತಲೆಗೆ ಹತ್ತದ ವಿಷಯ ಒಂದಿತ್ತು. "ತಪ್ಪನ್ನು ಸರಿಪಡಿಸಿ" ಎನ್ನುವ ನೋಟಿಸ್ ಬೇರೆ, "ಕರಾರು ರದ್ದಾಯಿತು" ಎನ್ನುವ ನೋಟಿಸ್ ಬೇರೆ. ಸಿಟ್ಟಿನಲ್ಲಿ ಬರೆದಾಗ ಎರಡೂ ಒಂದೇ ಪತ್ರದಲ್ಲಿ ಕಲಸಿಹೋಗುತ್ತವೆ. ಮೇಲೆ ಹತ್ತು ದಿನದ ಗಡುವು, ಕೆಳಗೆ "ನಿಮ್ಮ ಸಹವಾಸ ಸಾಕು". ಓದುವವರು ಯಾವುದನ್ನು ನಂಬಬೇಕು?

ಪೆನ್ನು ಹಿಡಿಯುವ ಮೊದಲು ಕರಾರನ್ನು ಇನ್ನೊಮ್ಮೆ ಓದಿ. ನೋಟಿಸ್ ಯಾರ ಹೆಸರಿಗೆ, ಯಾವ ವಿಳಾಸಕ್ಕೆ, ಹೇಗೆ ಹೋಗಬೇಕು, ಸರಿಪಡಿಸಲು ಎಷ್ಟು ದಿನ ಕೊಡಬೇಕು ಎಂಬುದು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತದೆ. ಯಾರೂ ಓದದ ಪುಟಗಳು ಅವೇ ಅಲ್ವಾ! ಅಲ್ಲಿ ರಿಜಿಸ್ಟರ್ಡ್ ಅಂಚೆ ಎಂದಿದ್ದರೆ ವಾಟ್ಸಾಪ್ ಮೆಸೇಜ್ ಸಾಲದೆ ಹೋಗಬಹುದು.

"ನೀವು ಮಾತಿಗೆ ತಪ್ಪಿದ್ದೀರಿ" ಎಂದು ಸುಮ್ನೆ ಬರೆದರೆ ಉಪಯೋಗವಿಲ್ಲ. ಹೀಗೆ ಬರೆಯಿರಿ: "ಕರಾರಿನ 4ನೇ ಷರತ್ತಿನಂತೆ ಮಾರ್ಚ್ 1ರೊಳಗೆ 100 ಕುರ್ಚಿ ಬರಬೇಕಿತ್ತು. 80 ಮಾತ್ರ ಬಂದಿವೆ. ಉಳಿದ 20 ಕುರ್ಚಿಗಳನ್ನು ಮಾರ್ಚ್ 20ರೊಳಗೆ ತಲುಪಿಸಿ. ನಮ್ಮ ಉಳಿದ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ." "ಆದಷ್ಟು ಬೇಗ" ಎಂಬ ಮಾತು ಗಡುವಲ್ಲ. ತಾರೀಖು ಬೇಕು.

ಗಡುವಿಗೆ ಯಾಕಿಷ್ಟು ಮಹತ್ವ? ದೇಶ ದೇಶಗಳ ನಡುವಿನ ಸರಕು ಮಾರಾಟಕ್ಕೆ 1980ರಲ್ಲಿ ವಿಯೆನ್ನಾದಲ್ಲಿ ರೂಪುಗೊಂಡ ವಿಶ್ವಸಂಸ್ಥೆಯ ಒಪ್ಪಂದ ನೋಡಿದರೆ ಗೊತ್ತಾಗುತ್ತದೆ. ಅದರ 47ನೇ ವಿಧಿಯಂತೆ ಕೊಳ್ಳುವವರು ಮಾರುವವರಿಗೆ ನ್ಯಾಯವಾದ ಹೆಚ್ಚುವರಿ ಕಾಲ ಕೊಡಬಹುದು. ಆಗಲೂ ಮಾಲು ಬರದಿದ್ದರೆ, 49ನೇ ವಿಧಿಯಡಿ ಕರಾರು ರದ್ದು ಮಾಡುವ ದಾರಿ ತೆರೆಯುತ್ತದೆ. ಪರೀಕ್ಷೆಯಲ್ಲಿ ಎಡವುವುದು ಇಲ್ಲೇ: ಇದು ಮಾಲು ಬಾರದಿದ್ದಾಗ ಮಾತ್ರ. ಬಂದ ಮಾಲಿನಲ್ಲಿ ದೋಷವಿದ್ದರೆ ಗಡುವು ಮೀರಿತು ಎಂಬ ಒಂದೇ ಕಾರಣ ಸಾಲದು, ಉಲ್ಲಂಘನೆ ಕರಾರಿನ ಬುಡಕ್ಕೇ ಪೆಟ್ಟು ಕೊಡುವಷ್ಟು ದೊಡ್ಡದಿರಬೇಕು. ದೋಷ ಕಂಡರೆ ತಡಮಾಡದೆ ತಿಳಿಸಬೇಕು ಎನ್ನುವುದು 39ನೇ ವಿಧಿ. ಕರಾರಿನ ಗ್ಯಾರಂಟಿ ಬೇರೆ ಹೇಳದಿದ್ದರೆ, ಮಾಲು ಕೈಸೇರಿದ 2 ವರ್ಷವೇ ಕೊನೆಯ ಗಡಿ.

ಇದೇ 47ನೇ ವಿಧಿಯಂತೆ, ಗಡುವು ಕೊಟ್ಟವರಿಗೂ ಅದು ಕಟ್ಟುಪಾಡು. ಎದುರಿನವರು "ನಮ್ಮಿಂದಾಗದು" ಎಂದು ತಿಳಿಸದ ಹೊರತು, ಗಡುವಿನೊಳಗೆ ಉಲ್ಲಂಘನೆಗೆ ಬೇರೆ ಪರಿಹಾರ ಹಿಡಿಯುವಂತಿಲ್ಲ. ಅಂದರೆ ಮಾರ್ಚ್ 18ಕ್ಕೆ ಆ 20 ಕುರ್ಚಿ ಬಂದರೆ, ನೀವು ಅಷ್ಟರಲ್ಲಿ ಬೇರೆ ಕಡೆ ಕೊಂಡಿದ್ದರೂ ತೆಗೆದುಕೊಳ್ಳಲೇಬೇಕು. ತಡವಾದದ್ದಕ್ಕೆ ನಷ್ಟ ಪರಿಹಾರ ಕೇಳುವ ಹಕ್ಕು ಮಾತ್ರ ಹಾಗೇ ಇರುತ್ತದೆ.