ಮೂರು ಟನ್ ಮೆಷಿನ್ ಎಲ್ಲ ಕಡೆಯೂ ಮೂರು ಟನ್ ಎತ್ತಲ್ಲ

ಟೆಲಿಹ್ಯಾಂಡ್ಲರ್, ಅಂದರೆ ಉದ್ದಕ್ಕೆ ಚಾಚುವ ತೋಳಿನಿಂದ ಸರಕು ಎತ್ತುವ ಮೆಷಿನ್, ಬಾಡಿಗೆಗೆ ಬೇಕು ಅಂತ ಫೋನ್ ಮಾಡುವವರು ಮೊದಲು ಕೇಳುವುದು, "ಸಾರ್, ಎಷ್ಟು ಟನ್ ಎತ್ತುತ್ತೆ?" ನಾನು ತಿರುಗಿಸಿ ಕೇಳುತ್ತೇನೆ: ಎಷ್ಟು ಎತ್ತರಕ್ಕೆ? ಎಷ್ಟು ಮುಂದಕ್ಕೆ? ಈ ಎರಡು ಗೊತ್ತಿಲ್ಲದೆ ಟನ್ ಲೆಕ್ಕಕ್ಕೆ ಅರ್ಥವೇ ಇಲ್ಲ.

ಗೋಡೌನ್ ಫೋರ್ಕ್‌ಲಿಫ್ಟ್‌ಗೆ ಮುಂದೆ ನೆಟ್ಟಗೆ ನಿಂತ ಮಾಸ್ಟ್ ಇರುತ್ತದೆ, ಸರಕು ಮೇಲೆ ಕೆಳಗೆ ಹೋಗುತ್ತದೆ ಅಷ್ಟೆ. ಟೆಲಿಹ್ಯಾಂಡ್ಲರ್‌ನಲ್ಲಿ ಮಾಸ್ಟ್ ಬದಲು ಬೂಮ್, ಅಂದರೆ ಆ ಚಾಚುವ ತೋಳು. ಅದರ ಬುಡ ಮೆಷಿನ್ನಿನ ಹಿಂಭಾಗದಲ್ಲಿದೆ. ಒಂದು ಹೈಡ್ರಾಲಿಕ್ ಸಿಲಿಂಡರ್ ಬೂಮನ್ನು ಎತ್ತುತ್ತದೆ, ಇನ್ನೊಂದು ಒಳಗಿನ ತುಂಡನ್ನು ಹೊರಕ್ಕೆ ತಳ್ಳುತ್ತದೆ, ಮತ್ತೊಂದು ತುದಿಯಲ್ಲಿ ಸರಕು ಹೊರುವ ಫೋರ್ಕನ್ನು ಬಾಗಿಸುತ್ತದೆ. ಬೂಮ್ ಏರಿದಂತೆ ಫೋರ್ಕ್ ಮಟ್ಟವಾಗಿಯೇ ಇರಲಿ ಅಂತ ಕೆಳಗೆ ಒಂದು ಪುಟ್ಟ ಸಿಲಿಂಡರ್ ಬೇರೆ ಇರುತ್ತದೆ. ದೊಡ್ಡ ಟೈರು, ನಾಲ್ಕೂ ಚಕ್ರಕ್ಕೆ ಎಳೆತ, ನಾಲ್ಕೂ ಚಕ್ರ ತಿರುಗುವ ಸ್ಟೀರಿಂಗ್. ಹಾಗಾಗಿ ಕೆಸರಿನ ಸೈಟಲ್ಲೂ ಓಡಾಡುತ್ತದೆ.

ಜೆಸಿಬಿ ಕಂಪನಿ ಲೋಡಾಲ್ ಎಂಬ ತನ್ನ ಟೆಲಿಹ್ಯಾಂಡ್ಲರ್ ಅನ್ನು ಬ್ರಿಟನ್ನಿನಲ್ಲಿ ಹೊರತಂದದ್ದು 1977ರಲ್ಲಿ. ಅಲ್ಲಿ ಕಟ್ಟಡದ ಸೈಟುಗಳ ಜೊತೆಗೆ ಹೊಲಗಳಲ್ಲೂ ಹುಲ್ಲಿನ ಹೊರೆ ಎತ್ತುವುದಕ್ಕೆ ಇದೇ ಬೇಕು. ನಮ್ಮ ಕಡೆ ಬ್ಲಾಕ್ ಪ್ಯಾಲೆಟ್ ಮೇಲಿನ ಮಹಡಿಗೆ ಕೊಡೋದು, ಶೆಡ್ಡಿಗೆ ರೂಫಿಂಗ್ ಶೀಟ್ ಏರಿಸೋದು, ಗುಂಡಿಯ ಆಚೆ ಬದಿಗೆ ಪೈಪ್ ಇಳಿಸೋದು, ಇಂಥವಕ್ಕೆ ಒಳ್ಳೆಯದು.

ಈಗ ಟನ್ ವಿಷಯ. ಜೆಸಿಬಿಯ 530-70 ಮಾಡೆಲ್ ತಗೊಳ್ಳಿ. 30 ಅಂದರೆ 3 ಟನ್, 70 ಅಂದರೆ 7 ಮೀಟರ್. ಆದರೆ ಆ 3 ಟನ್ ಬೂಮ್ ಒಳಗಿದ್ದಾಗ ಮಾತ್ರ. ಸರಕು ಮುಂದೆ ಹೋದಷ್ಟೂ ಅದು ಮುಂದಿನ ಚಕ್ರದ ಮೇಲೆ ಮೆಷಿನ್ನನ್ನು ಏತದ ಹಾಗೆ ಎತ್ತೋಕೆ ನೋಡುತ್ತದೆ. ಚಕ್ರದಿಂದ 1 ಮೀಟರ್ ಮುಂದಿದ್ದ 1 ಟನ್ನನ್ನು 3 ಮೀಟರ್‌ಗೆ ಒಯ್ದರೆ ಉರುಳಿಸುವ ಬಲ ಮೂರು ಪಟ್ಟು.

ಜಾಸ್ತಿ ಜನಕ್ಕೆ ಹೊಳೆಯದ ಅಪಾಯ ಇಳಿಸುವಾಗ ಇದೆ. ಪೂರ್ತಿ ಚಾಚಿದ ಬೂಮ್ 7 ಮೀಟರ್ ಉದ್ದ ಅಂದುಕೊಳ್ಳಿ. 60 ಡಿಗ್ರಿಯಲ್ಲಿ ಸರಕು ಬೂಮಿನ ಬುಡದಿಂದ ಅಡ್ಡಕ್ಕೆ 3.5 ಮೀಟರ್ ದೂರ ಇರುತ್ತದೆ. ಹಾಗೇ ಚಾಚಿಟ್ಟುಕೊಂಡು ನೆಲಕ್ಕೆ ಸಮನಾಗಿ ಇಳಿಸಿದರೆ 7 ಮೀಟರ್! ಬುಡದಿಂದ ಅಳೆದರೆ ಇದು ಎರಡು ಪಟ್ಟು; ಮುಂದಿನ ಚಕ್ರದಿಂದ ಅಳೆದರೆ ದೂರ ಎರಡು ಪಟ್ಟಿಗಿಂತಲೂ ಜಾಸ್ತಿ ಹೆಚ್ಚುತ್ತದೆ, ಯಾಕಂದರೆ ಬುಡ ಆ ಚಕ್ರಕ್ಕಿಂತ ಹಿಂದಿದೆ ಅಲ್ವಾ. ಮೇಲೆ ಆರಾಮಾಗಿ ನಿಂತಿದ್ದ ಸರಕು ಇಳಿಯುತ್ತಾ ಮೆಷಿನ್ನನ್ನೇ ಮಗುಚಿಬಿಡುತ್ತದೆ. ಅದಕ್ಕೇ ನಮ್ಮ ಆಪರೇಟರ್‌ಗಳಿಗೆ ನಾನು ಪದೇ ಪದೇ ಹೇಳುವುದು: ಮೊದಲು ಒಳಕ್ಕೆ ಎಳ್ಕೊಳ್ಳಿ, ಆಮೇಲೆ ಇಳಿಸಿ.

ಹೊಸ ಮೆಷಿನ್‌ಗಳಲ್ಲಿ ಹಸಿರು, ಹಳದಿ, ಕೆಂಪು ದೀಪ ಇರುತ್ತದೆ. ಸಾಮಾನ್ಯವಾಗಿ ಹಿಂದಿನ ಆಕ್ಸಲ್ ಮೇಲಿನ ಸೆನ್ಸರ್ ಅಲ್ಲಿ ಭಾರ ಕಮ್ಮಿಯಾಗುವುದನ್ನು ಗಮನಿಸಿ, ಅತಿಯಾದರೆ ಚಾಚೋದನ್ನೂ ಇಳಿಸೋದನ್ನೂ ನಿಲ್ಲಿಸುತ್ತದೆ. ಒಳಕ್ಕೆ ಎಳೆಯೋಕೆ ಮಾತ್ರ ಬಿಡುತ್ತದೆ. ಆದರೆ ಇದು ನೋಡುವುದು ಮುಂದಕ್ಕೆ ಮಗುಚುವುದನ್ನಷ್ಟೇ. ನೆಲ ಒಂದು ಬದಿಗೆ ವಾಲಿದ್ದು ಬೂಮ್ ಮೇಲೆತ್ತಿದರೆ ಪಕ್ಕಕ್ಕೆ ಬೀಳಬಹುದು, ಆ ದೀಪ ಅದನ್ನು ಹೇಳಲ್ಲ. ಒಂದು ಟೈರಲ್ಲಿ ಗಾಳಿ ಕಮ್ಮಿ ಇದ್ದರೂ ಸಾಕು. ಕ್ಯಾಬಿನ್ನಿನಲ್ಲಿ ಮಟ್ಟ ತೋರಿಸುವ ಗುಳ್ಳೆ ಇರುತ್ತದೆ, ಎತ್ತುವ ಮುಂಚೆ ಅದನ್ನು ನೋಡಿ.

ಎಷ್ಟು ಎತ್ತರಕ್ಕೆ, ಎಷ್ಟು ಮುಂದಕ್ಕೆ ಎಷ್ಟು ಭಾರ ಎತ್ತಬಹುದು ಅಂತ ತೋರಿಸುವ ಲೋಡ್ ಚಾರ್ಟ್ ಕ್ಯಾಬಿನ್ನಿನಲ್ಲಿ ಅಂಟಿಸಿರುತ್ತದೆ, ಅದೂ ಬೂಮಿನ ತುದಿಗೆ ಹಾಕುವ ಅಟ್ಯಾಚ್‌ಮೆಂಟ್‌ಗೆ ತಕ್ಕ ಹಾಗೆ ಬದಲಾಗುತ್ತದೆ. ಫೋರ್ಕ್ ತೆಗೆದು ಬಕೆಟ್ಟೋ ಕೊಕ್ಕೆಯೋ ಹಾಕಿದ್ದೀರಾ? ಹಾಗಾದರೆ ಫೋರ್ಕಿನ ಚಾರ್ಟ್ ನೋಡಬೇಡಿ, ಅದಕ್ಕೆ ಕೊಟ್ಟಿರುವ ಚಾರ್ಟನ್ನೇ ಕೇಳಿ ತರಿಸಿಕೊಳ್ಳಿ.